ಕ್ರೆಯಾನನ ವಾದಕ್ಕೂ ಕಿವಿಗೊಡೋಣ

ಸೋಫೊಕ್ಲಿಸನ ‘ಅಂತಿಗೊನೆ’ ಅಥೆನ್ಸಿನ ರಂಗಕ್ಕೆ ಬಂದದ್ದು ಕ್ರಿ.ಪೂ. 441ರ ಸುಮಾರಿಗೆ. ಥೀಬ್ಸ್ ನಗರದ ಪಟ್ಟಕ್ಕಾಗಿ ಅಣ್ಣತಮ್ಮಂದಿರಿಬ್ಬರು ಕಾದಾಡಿ ಒಬ್ಬರ ಕೈಯಲ್ಲಿ ಒಬ್ಬರು ಸತ್ತಿದ್ದಾರೆ. ಊರನ್ನು ಕಾಯಲು ನಿಂತ ಎಟಿಯೊಕ್ಲಿಸನಿಗೆ ಸಕಲ ಮರ್ಯಾದೆಯ ಸಂಸ್ಕಾರ; ಪರಸೈನ್ಯ ಕಟ್ಟಿಕೊಂಡು ಬಂದ ಪಾಲಿನೈಸಿಸನ ಹೆಣ ನಾಯಿ, ಹದ್ದುಗಳ ಪಾಲು. ಇದು ಹೊಸ ದೊರೆ ಕ್ರೆಯಾನನ ಆಜ್ಞೆ. ಅವನು ಸತ್ತವರಿಗೆ ಸೋದರಮಾವ. ಅವರ ತಂಗಿ ಅಂತಿಗೊನೆ ಆಜ್ಞೆ ಮೀರಿ ಹೆಣಕ್ಕೆ ಮಣ್ಣು ಹಾಕುತ್ತಾಳೆ. ಸಿಕ್ಕಿಬಿದ್ದಾಗ, ಮಾಡಿದ್ದು ನಾನೇ ಎನ್ನುತ್ತಾಳೆ.

ಓದುವವರ ಒಲವು ತಾನಾಗಿ ಅವಳತ್ತ ವಾಲುತ್ತದೆ. ಆದರೆ ಕ್ರೆಯಾನ್ ಮಾತಾಡುತ್ತಿರುವುದು ಮುತ್ತಿಗೆ ತೆರವಾದ ಮರುಬೆಳಗ್ಗೆ. ನಂಟಸ್ತಿಕೆಗಿಂತ ನಾಡು ದೊಡ್ಡದು ಎಂಬ ಅವನ ಮೊದಲ ಭಾಷಣ ಖಳನ ಮಾತಲ್ಲ. ಕ್ರಿ.ಪೂ. 343ರಲ್ಲಿ ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್ ಅದನ್ನೇ ನ್ಯಾಯಾಲಯದಲ್ಲಿ ಓದಿಸಿ, ಒಂದು ಕಾಲಕ್ಕೆ ಕ್ರೆಯಾನನ ಪಾತ್ರ ಹಾಕಿದ್ದ ಎದುರಾಳಿ ಈಸ್ಕಿನೀಸನನ್ನು ಹಣಿಯಲು ನೋಡಿದ. ದೇಶದ್ರೋಹಿಗಳಿಗೆ ತನ್ನ ನೆಲದಲ್ಲಿ ಮಣ್ಣಾಗಲು ಅಥೆನ್ಸ್ ಕೂಡ ಬಿಡುತ್ತಿರಲಿಲ್ಲ. ಗಡಿಯಾಚೆ ಹೂಳಲು ಮಾತ್ರ ಅಡ್ಡಿಯಿರಲಿಲ್ಲ. ಕ್ರೆಯಾನ್ ಆ ದಾರಿಯನ್ನೂ ಮುಚ್ಚಿದ.

ಅಂತಿಗೊನೆಯ ವಾದವೂ ನಾವು ನೆನೆಯುವಷ್ಟು ನಯವಾಗಿಲ್ಲ. ಮೊದಲು ದೇವರ ಅಲಿಖಿತ ಕಟ್ಟಳೆ ಎನ್ನುವವಳು, ಸಾವು ಎದುರಾದಾಗ ಬೇರೆ ಮಾತಾಡುತ್ತಾಳೆ: ಸತ್ತವನು ಗಂಡನೋ ಮಗನೋ ಆಗಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ, ತಂದೆತಾಯಿ ತೀರಿಹೋದ ಮೇಲೆ ಇನ್ನೊಬ್ಬ ಸೋದರ ಹುಟ್ಟಿಬರಲಾರ. ಈ ಸಾಲುಗಳು ಸೋಫೊಕ್ಲಿಸನವಲ್ಲವೆಂದು ಯಾವನಾದರೂ ಪಂಡಿತ ಸಾಧಿಸಿಕೊಡಲಿ ಎಂದು ಜರ್ಮನ್ ಕವಿ ಗಯಟೆ ಹಂಬಲಿಸಿದ್ದುಂಟು. ನನಗೋ, ಅವು ಇಲ್ಲದಿದ್ದರೆ ಅವಳು ಬರೀ ಘೋಷಣೆಯಾಗಿ ಉಳಿಯುತ್ತಿದ್ದಳು ಎನಿಸುತ್ತದೆ. ಜೊತೆಗೆ ಸಾಯಲು ಮುಂದೆ ಬಂದ ಅಕ್ಕರೆಯ ಸೋದರಿ ಇಸ್ಮೆನೆಯನ್ನು ಅವಳು ದೂರ ತಳ್ಳುವ ಬಿರುಸನ್ನೂ ಮರೆಯುವಂತಿಲ್ಲ.

ತಕ್ಕಡಿ ವಾಲುವುದು ಹೈಮೋನ್ ಬಂದಾಗ. ಅವನು ಕ್ರೆಯಾನನ ಮಗ, ಅಂತಿಗೊನೆಗೆ ಗೊತ್ತಾಗಿದ್ದ ವರ. ಊರಿನ ಜನ ಅವಳಿಗಾಗಿ ಮರುಗುತ್ತಿದ್ದಾರೆ ಎಂದು ಅವನು ಹೇಳಿದರೆ, ನಾಡು ಆಳುವವನದಲ್ಲವೇ ಎಂದು ಅಪ್ಪ ಕೇಳುತ್ತಾನೆ. ನಾಡೇ ದೊಡ್ಡದು ಎಂದವನು ನಾಡನ್ನು ತನ್ನ ಆಸ್ತಿ ಮಾಡಿಕೊಂಡ ಗಳಿಗೆ ಇದು. ಅವನ ವಾದ ಸೋಲುವುದು ಅಂತಿಗೊನೆಯಿಂದಲ್ಲ, ಅವನ ಬಾಯಿಂದಲೇ.

ಎರಡೂ ಕಡೆ ನ್ಯಾಯವಿದೆ, ಎರಡೂ ಅರೆನ್ಯಾಯ ಎಂದ ಹೆಗೆಲ್. ಜರ್ಮನ್ನರ ವಶದಲ್ಲಿದ್ದ ಪ್ಯಾರಿಸಿನಲ್ಲಿ 1944ರಲ್ಲಿ ರಂಗಕ್ಕೆ ಬಂದ, ಫ್ರೆಂಚ್ ನಾಟಕಕಾರ ಅನೂಯಿಯ ‘ಅಂತಿಗೊನೆ’ಯನ್ನು ಪ್ರತಿರೋಧದ ನಾಟಕವೆಂದವರೂ ಇದ್ದರು, ರಾಜಿಯ ಸಮರ್ಥನೆ ಎಂದು ದೂರಿದವರೂ ಇದ್ದರು. ಸೋಫೊಕ್ಲಿಸನ ನಾಟಕವನ್ನು ಕನ್ನಡಕ್ಕೆ ಪಿ. ಲಂಕೇಶ್ ತಂದರು. ಆದರೆ ಈ ನಾಟಕದ ಮಟ್ಟಿಗೆ ನಾನು ಹೆಚ್ಚು ನಂಬುವುದು ರಾಬೆನ್ ದ್ವೀಪದ ಕೈದಿಗಳನ್ನು. ಅಲ್ಲಿ ಅವರು ಅದನ್ನು ಆಡಿದಾಗ ನೆಲ್ಸನ್ ಮಂಡೇಲಾ ಹಾಕಿದ್ದು ಕ್ರೆಯಾನನ ವೇಷ. ಕಾನೂನು ಮುರಿದು ಜೈಲು ಸೇರಿದ ಆ ಮನುಷ್ಯ ತಮ್ಮ ಆತ್ಮಕಥೆಯಲ್ಲಿ ಕ್ರೆಯಾನನ ದೇಶಭಕ್ತಿಯನ್ನು, ಅವನ ಮೊದಲ ಮಾತುಗಳ ವಿವೇಕವನ್ನು ಒಪ್ಪಿಕೊಂಡೇ, ಬಗ್ಗದ ಹಟ ನಾಯಕನಿಗೆ ತಕ್ಕದ್ದಲ್ಲ ಎನ್ನುತ್ತಾರೆ.