ಮೀನಿಗೆ ಬೇಕಿದ್ದದ್ದು ಹೊಳೆಯಲ್ಲ

‘ಸಾರ್, ಆಸ್ಕರ್ ಊಟ ಬಿಟ್ಟು ನಾಲ್ಕು ದಿನ ಆಯ್ತು. ಮಗಳು ಅಳೋದು ನಿಲ್ಲಿಸ್ತಿಲ್ಲ’ ಎಂದು ಫೋನ್ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ನನ್ನ ಎದೆ ಧಸಕ್ಕೆಂದಿತು. ‘ಮೀನು ದೊಡ್ಡದಾಗಿದೆ, ನೀರು ಬೇಗ ಕೆಡುತ್ತೆ, ದೊಡ್ಡ ಪಂಪು ಹಾಕಪ್ಪಾ’ ಎಂದು ಹಿಂದಿನ ವಾರವಷ್ಟೇ ಉಪದೇಶ ಮಾಡಿದ್ದವನು ನಾನೇ!

ಸಂಜೆ ಹೋಗಿ ನೋಡಿದೆ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಒಂದು ಮೂಲೆಯಿಂದ ಪಂಪಿನ ನೀರು ಪಿಚಕಾರಿಯಂತೆ ಚಿಮ್ಮಿ ಎದುರಿನ ಗಾಜಿಗೆ ಬಡಿಯುತ್ತಿತ್ತು. ಅಂಗೈಗಿಂತ ದೊಡ್ಡದಾದ ಮೀನು ಕಲ್ಲಿನ ಮರೆಗೆ ಅಂಟಿಕೊಂಡು ಬಿಡುವಿಲ್ಲದೆ ರೆಕ್ಕೆ ಆಡಿಸುತ್ತಿತ್ತು. ಹಾಕಿದ ಆಹಾರವೆಲ್ಲ ಸುಳಿಗೆ ಸಿಕ್ಕಿ ಫಿಲ್ಟರಿನ ಪಾಲಾಗುತ್ತಿತ್ತು.

ಆಸ್ಕರ್ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ಮೀನು, ಸಿಕ್ಲಿಡ್ ಕುಟುಂಬಕ್ಕೆ ಸೇರಿದ್ದು. ಕೇರಳದವರ ಕರಿಮೀನೂ ಇದೇ ಬಳಗದ್ದು. ಒಂದಡಿಯವರೆಗೆ ಬೆಳೆಯುವ ಈ ಮೀನಿನ ತವರು ಭೋರ್ಗರೆಯುವ ಹೊಳೆಯಲ್ಲ. ನಿಧಾನವಾಗಿ ಹರಿಯುವ, ಮರದ ಬೇರು ದಿಮ್ಮಿಗಳ ಆಸರೆಯಿರುವ ನೀರು.

ಹಾಗಾದರೆ ತೊಟ್ಟಿಯಲ್ಲಿ ಹರಿವು ಏಕೆ ಬೇಕು? ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಮನೆಮಾಡಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಕೆಲಸಕ್ಕೆ ಅವುಗಳಿಗೆ ಆಮ್ಲಜನಕ ಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಆದ್ದರಿಂದ ನಮ್ಮ ಬೇಸಗೆಯಲ್ಲಿ ನೀರಿನ ಮೇಲ್ಮೈ ಸದಾ ಕಲಕುತ್ತಿರಬೇಕು. ಕಲಕಬೇಕಾದದ್ದು ಮೇಲ್ಮೈ, ಮೀನನ್ನಲ್ಲ!

ಎಷ್ಟು ಹರಿವು ಸಾಕು? ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಸಲ ಫಿಲ್ಟರ್ ದಾಟಿ ಬಂದರೆ ಸಾಕೆಂಬುದು ರೂಢಿಯ ಲೆಕ್ಕ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಎಂದರೆ ಸುಮಾರು 255 ಲೀಟರ್. ಗಂಟೆಗೆ ಸಾವಿರ ಲೀಟರ್ ಹರಿದರೆ ಸರಿ. ಪಂಪಿನ ಡಬ್ಬದ ಮೇಲಿನ ಅಂಕಿಯನ್ನು ನಂಬಬೇಡಿ. ಫಿಲ್ಟರಿನಿಂದ ಹೊರಬರುವ ನೀರನ್ನು ಹತ್ತು ಲೀಟರಿನ ಬಕೆಟ್ಟಿಗೆ ಹಿಡಿಯಿರಿ. 36 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ ಸಾವಿರ ಲೀಟರ್. ನಾವು ಹಿಡಿದಾಗ 35 ಸೆಕೆಂಡಿಗೆ ತುಂಬಿತು. ಅಂದರೆ ಪ್ರಮಾಣ ಸರಿಯಾಗಿಯೇ ಇತ್ತು, ತಪ್ಪಿದ್ದು ವೇಗ.

ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದಲ್ಲವೇ? ಬಾಯಿ ಕಿರಿದಾದಷ್ಟೂ ವೇಗ ಹೆಚ್ಚು, ಅಗಲವಾದಷ್ಟೂ ಕಡಿಮೆ. ಹುಡುಗನಿಗೆ ಪಾಠ ನೆನಪಿತ್ತು. 12 ಮಿಲಿಮೀಟರ್ ಒಳವ್ಯಾಸದ ಪಿವಿಸಿ ಪೈಪಿನ ಒಂದು ತುದಿಗೆ ಬಿರಡೆ ಹಾಕಿ, ಉದ್ದಕ್ಕೂ 3 ಮಿಲಿಮೀಟರಿನ ತೂತು ಕೊರೆದೆವು. ಇಂಥ 16 ತೂತುಗಳ ವಿಸ್ತೀರ್ಣ ಪೈಪಿನ ಬಾಯಿಯಷ್ಟೇ. ನಾವು 32 ಕೊರೆದೆವು. ನೀರು ಅಷ್ಟೇ, ವೇಗ ಅರ್ಧ. ತೂತುಗಳನ್ನು ಮೇಲ್ಮೈಯತ್ತ ತಿರುಗಿಸಿ ಹಿಂಬದಿಯ ಗಾಜಿಗೆ ಕಟ್ಟಿದೆವು. ಮೇಲೆ ಸಣ್ಣ ಅಲೆಗಳೆದ್ದವು, ಕೆಳಗೆ ಶಾಂತಿ. ಫಿಲ್ಟರಿನ ಬಾಯಿಯನ್ನು ಆಹಾರ ಹಾಕುವ ಜಾಗದಿಂದ ದೂರ ಸರಿಸಿದೆವು.

ಇನ್ನೆರಡು ಮಾತು. ಸ್ಪಂಜು ಕಟ್ಟಿಕೊಂಡರೆ ಹರಿವು ತಗ್ಗುತ್ತದೆ, ಆದರೆ ಅದನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಬೇಡಿ. ಕ್ಲೋರಿನ್ ತಗುಲಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕರೆಂಟು ಗಂಟೆಗಟ್ಟಲೆ ಹೋದರೆ ಮುಚ್ಚಿದ ಫಿಲ್ಟರಿನೊಳಗೆ ಆಮ್ಲಜನಕ ತೀರಿ ನೀರು ನಾರುತ್ತದೆ. ಆ ನೀರನ್ನು ಚೆಲ್ಲಿ, ಸ್ಪಂಜನ್ನು ಹಿಂಡಿದ ಮೇಲೆಯೇ ಪಂಪು ಹಚ್ಚಿ.

ಮೂರನೆಯ ದಿನ ಮತ್ತೆ ಫೋನ್ ಬಂತು. ಈ ಸಲ ಮಾತಾಡಿದ್ದು ಮಗಳು. ‘ತಾತಾ, ಅದು ನನ್ನ ಕೈಯಿಂದಲೇ ತಿಂತು!’

ಮೂವತ್ತು ವರ್ಷ ಪಾಠ ಹೇಳಿದವನು ನಾನು. ‘ಎಷ್ಟು’ ಎಂದು ಹೇಳಿ ‘ಹೇಗೆ’ ಎಂದು ಹೇಳದಿದ್ದರೆ ಪಾಠ ಅರ್ಧವೇ ಎಂಬುದನ್ನು ಒಂದು ಮೀನು ನಾಲ್ಕು ದಿನ ಉಪವಾಸವಿದ್ದು ನನಗೆ ಕಲಿಸಬೇಕಾಯಿತು.