ಪಥ್ಯವೂ ಪಕ್ವಾನ್ನವೂ

ಪಥ್ಯ ಹಿಡಿದ ಮೊದಲನೆಯ ದಿನದಿಂದಲೇ ಮನುಷ್ಯನಿಗೆ ಇತರರ ತಟ್ಟೆಗಳು ದೊಡ್ಡವಾಗಿ ಕಾಣತೊಡಗುತ್ತವೆ. ಶಿಕ್ಷಕರ ಕೊಠಡಿಯಲ್ಲಿ ಹಿಂದೆಂದೂ ನನ್ನ ಗಮನಕ್ಕೆ ಬಾರದಿದ್ದ ಬಿಸ್ಕತ್ತಿನ ಡಬ್ಬಿ, ಬಿಬವೇವಾಡಿಯ ನಮ್ಮ ಓಣಿಯ ತಿರುವಿನ ಬೇಕರಿಯಿಂದ ನಸುಕಿನಲ್ಲಿಯೇ ಬರುವ ಖಾರಿಯ ವಾಸನೆ, ಕೆಳಗಿನ ಮನೆಯವರು ಏಲಕ್ಕಿ ಕುಟ್ಟುವ ಸದ್ದು, ಇವೆಲ್ಲವೂ 2023ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಒಮ್ಮೆಲೇ ನನ್ನೆದುರು ಬಂದು ನಿಂತವು. ಅದಕ್ಕೆ ಕೆಲವು ದಿನ ಹಿಂದೆ ರಕ್ತಪರೀಕ್ಷೆಯ ಚೀಟಿ ಕೈಸೇರಿದ್ದಿತು. ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಪರೀಕ್ಷೆಯಲ್ಲಿ ನನಗೆ ದೊರೆತ ಅಂಕ 6.1. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲೆಂದೂ 6.5 ಮುಟ್ಟಿದರೆ ಒಳಮನೆಯೆಂದೂ ವೈದ್ಯರು ತಿಳಿಯಹೇಳಿದರು. ವರ್ಷವಿಡೀ ಮಕ್ಕಳ ಅಂಕಗಳನ್ನು ಏರಿಸಲು ದುಡಿಯುವವಳಿಗೆ ತನ್ನ ಅಂಕವನ್ನು ಇಳಿಸಬೇಕಾದ ಪಾಠ ಬಂದಿತು.

ನಾನು ತೆಳ್ಳಗಿನ ಮೈಯವಳು. ಸಕ್ಕರೆ ರೋಗವೆಂಬುದು ಮೈಗೂಡಿದವರ ಪಾಲಿನದೆಂದು ನಂಬಿಕೊಂಡಿದ್ದೆನು. ಈ ನಂಬಿಕೆ ತಪ್ಪೆಂಬುದನ್ನು ತಿಳಿಸಿಕೊಟ್ಟ ಸಂಶೋಧನೆಯು ನಾನಿರುವ ಈ ಪುಣೆಯಲ್ಲಿಯೇ ನಡೆದಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಇಲ್ಲಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು 1993ರಿಂದ ಪುಣೆಯ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಶಿಶುಗಳನ್ನೂ ಪರೀಕ್ಷಿಸುತ್ತ ಬಂದು, ನಮ್ಮ ಮಕ್ಕಳು ಹುಟ್ಟುವಾಗ ತೂಕದಲ್ಲಿ ಕಡಿಮೆಯಿದ್ದರೂ ಕೊಬ್ಬಿನಲ್ಲಿ ಕಡಿಮೆಯಲ್ಲವೆಂದು ತೋರಿಸಿದರು. 2004ರಲ್ಲಿ ಅವರೂ ಯುಡ್ಕಿನ್ ಎಂಬ ಆಂಗ್ಲ ವೈದ್ಯರೂ ಅಕ್ಕಪಕ್ಕದಲ್ಲಿ ನಿಂತ ಒಂದು ಭಾವಚಿತ್ರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣ ಇಬ್ಬರಲ್ಲಿಯೂ ಒಂದೇ, 22.3, ಆದರೆ ದೇಹದ ಕೊಬ್ಬು ಆಂಗ್ಲರಲ್ಲಿ ಶೇಕಡ 9.1, ನಮ್ಮವರಲ್ಲಿ ಶೇಕಡ 21.2! ಕನ್ನಡಿಯೂ ತಕ್ಕಡಿಯೂ ಕೂಡಿಕೊಂಡು ಸುಳ್ಳು ಹೇಳಬಲ್ಲವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಾನು ಪರೀಕ್ಷೆ ಮಾಡಿಸಿಕೊಂಡ ಆ ಜೂನ್ ತಿಂಗಳಿನಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಲೆಕ್ಕವೂ ಹೊರಬಿದ್ದಿತು. ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಹೊಸ್ತಿಲಿನ ಮೇಲೆ ನಿಂತವರು 13.6 ಕೋಟಿ. ಹೊಸ್ತಿಲು ಸಾಕಷ್ಟು ಉದ್ದವಾಗಿಯೇ ಇದೆ.

ಸರಿ, ಪಥ್ಯ ಹಿಡಿದೆನು. ತೊಂಬತ್ತು ದಿನ ಸಕ್ಕರೆಯಿಲ್ಲ, ಮೈದಾ ಇಲ್ಲ, ಅನ್ನ ಒಂದು ಹಿಡಿ. ಆದರೆ ನಾನು ಹುಟ್ಟಿದ್ದು ಮಹಾಲಿಂಗಪುರದ ಸೀಮೆಯಲ್ಲಿ. ಗಾಣದ ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲವನ್ನು ಕಬ್ಬಿನ ಸಿಬಿರಿಗೆ ಹತ್ತಿಸಿಕೊಂಡು ನೆಕ್ಕುತ್ತ ಬೆಳೆದವಳು. ನಮ್ಮ ಮನೆಯವರು ಇಲ್ಲಿಯ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಅಂಗಿಗೆ ಬೆಲ್ಲದ ವಾಸನೆ ಅಂಟಿಕೊಂಡೇ ಮನೆಗೆ ಬರುತ್ತದೆ. ಇಂಥ ಮನೆಯಲ್ಲಿ ‘ಸಕ್ಕರೆ ಬೇಡ’ ಎಂಬ ಕಟ್ಟಳೆಯನ್ನು ಮನಸ್ಸು ಕೂಡಲೇ ‘ಬೆಲ್ಲ ಆಗಬಹುದು’ ಎಂದು ಅನುವಾದಿಸಿಕೊಂಡಿತು. ವೈದ್ಯರು ಹಾಗೆ ಹೇಳಿರಲಿಲ್ಲ. ಅನುವಾದಕಳು ನಾನೇ.

ಒಂಬತ್ತನೆಯ ದಿನ ಕೇಕು ಮಾಡಿದೆನು. 2020ರ ದಿಗ್ಬಂಧನದ ತಿಂಗಳುಗಳಲ್ಲಿ ನಗರದ ಮನೆಮನೆಗಳಲ್ಲಿ ಹಬ್ಬಿದ ಕೇಕಿನ ಹುಚ್ಚು ನಮ್ಮ ಮನೆಗೂ ಬಂದಿದ್ದಿತು. ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಎರಡು ಬೊಗಸೆ ಉಪ್ಪು ಹರಡಿ, ಮುಚ್ಚಳದ ರಬ್ಬರನ್ನೂ ಸೀಟಿಯನ್ನೂ ತೆಗೆದಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕಾಯ್ದರೆ ಕೇಕು ಉಬ್ಬಿ ಬರುತ್ತದೆ. ಸೋಡಾ ಕಾದು ಬಿಡುವ ಇಂಗಾಲದ ಡೈ ಆಕ್ಸೈಡು ಹಿಟ್ಟಿನಲ್ಲಿ ಗುಳ್ಳೆಗಳನ್ನು ಎಬ್ಬಿಸುವುದನ್ನು ಐದನೆಯ ತರಗತಿಯ ಮಕ್ಕಳಿಗೆ ಹೇಳಿಕೊಡುವಾಗ ನನಗೆ ಈ ಕುಕ್ಕರೇ ಪ್ರಯೋಗಶಾಲೆ. ಈ ಸಲದ ಕೇಕು ಮಾತ್ರ ‘ಪಥ್ಯದ ಕೇಕು’: ಗೋಧಿಹಿಟ್ಟು ಕಾಲು ಕಿಲೋ, ಬೆಲ್ಲ 200 ಗ್ರಾಂ, ಬೆಣ್ಣೆ, ಹಾಲು, ನಾಲ್ಕಾರು ಖರ್ಜೂರ. ಕತ್ತರಿಸಿದರೆ ಹತ್ತು ಹೋಳು. ಪಥ್ಯದ್ದಲ್ಲವೇ ಎಂಬ ಧೈರ್ಯದಿಂದ ಒಂದೇ ಸಂಜೆಗೆ ಮೂರು ಹೋಳು ತಿಂದೆನು. ಮಗಳು ನನ್ನನ್ನು ನೋಡಿ, “ಅವ್ವಾ, ನೀ ಸಕ್ಕರಿ ಬಿಟ್ಟೀ ಅಂದ್ರ ದಿನಾ ಕೇಕ್ ಮಾಡ್ತೀ ಏನು?” ಎಂದು ಸಂತೋಷದಿಂದ ಕೇಳಿದಳು.

ಆ ರಾತ್ರಿ ಲೆಕ್ಕ ಹಾಕಿದೆನು. ಹೋಳಿಗೆ 20 ಗ್ರಾಂ ಬೆಲ್ಲವೆಂದರೆ ಮೂರು ಹೋಳಿಗೆ 60 ಗ್ರಾಂ. ಖರ್ಜೂರದ ಸಕ್ಕರೆ ಬೇರೆ. ದಿನಕ್ಕೆ 2000 ಕ್ಯಾಲರಿ ಆಹಾರ ತಿನ್ನುವವರು ಬೆರೆಸಿದ ಸಕ್ಕರೆಯನ್ನು 50 ಗ್ರಾಮಿಗಿಂತ ಕೆಳಗೆ ಇರಿಸಬೇಕು, 25ಕ್ಕೆ ಇಳಿಸಿದರೆ ಇನ್ನೂ ಲೇಸು ಎಂಬುದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೊಟ್ಟ ಸಲಹೆಯ ಸಾರ. ಬೆಲ್ಲವೂ ಆ ಲೆಕ್ಕದೊಳಗಿನದೇ. ಬೆಲ್ಲದಲ್ಲಿ ಕಬ್ಬಿಣದ ಅಂಶವೂ ಖನಿಜಗಳೂ ಅಷ್ಟಿಷ್ಟು ಇರುವುದು ನಿಜ, ಆದರೆ ಅದರ ಬಹುಭಾಗ ಸಕ್ಕರೆಯೇ. ಪಥ್ಯವಿಲ್ಲದ ದಿನಗಳಲ್ಲಿ ನಾಲ್ಕು ಕಪ್ಪು ಚಹದಲ್ಲಿ ಎರಡೆರಡು ಚಮಚೆಯಂತೆ ನಾನು ಕುಡಿಯುತ್ತಿದ್ದುದು ಸುಮಾರು 40 ಗ್ರಾಂ. ಅಂದರೆ ಪಥ್ಯದ ಕೇಕಿನಿಂದ ನಾನು ಮೊದಲಿಗಿಂತ ಹೆಚ್ಚು ಸಿಹಿಯನ್ನು, ಅದೂ ಪುಣ್ಯಸಂಪಾದನೆಯ ಭಾವದಿಂದ, ತಿಂದಿದ್ದೆನು.

ಬೆಲ್ಲವನ್ನು 50 ಗ್ರಾಮಿಗೆ ಇಳಿಸಿ ಇನ್ನೊಂದು ಪ್ರಯೋಗವನ್ನೂ ಮಾಡಿದೆನು. ಅದನ್ನು ಕತ್ತರಿಸಲು ನಮ್ಮ ಮನೆಯವರ ಸಹಾಯ ಬೇಕಾಯಿತು. ಕೇಕಿನಲ್ಲಿ ಸಕ್ಕರೆಯು ಸಿಹಿಗಾಗಿ ಮಾತ್ರ ಇರುವುದಿಲ್ಲ. ಅದು ನೀರನ್ನು ಹಿಡಿದಿಟ್ಟುಕೊಂಡು ಹಿಟ್ಟಿನ ಜಿಗುಟು ಬಿಗಿಯಾಗದಂತೆ ತಡೆಯುತ್ತದೆ. ಅದನ್ನು ತೆಗೆದರೆ ಉಳಿಯುವುದು ದಪ್ಪನೆಯ ಒಣ ರೊಟ್ಟಿ. ರೊಟ್ಟಿಯನ್ನೇ ತಿನ್ನುವುದಾದರೆ ನಮ್ಮ ಜೋಳದ ರೊಟ್ಟಿಗೆ ಏನು ಕೊರತೆ?

ಮಹಾರಾಷ್ಟ್ರದ ಜನರಲ್ಲಿ ‘ಏಕಾದಶಿ, ದುಪ್ಪಟ್ ಖಾಶಿ’ ಎಂದು ಒಂದು ಗಾದೆಯುಂಟು. ಏಕಾದಶಿಯೆಂದು ಉಪವಾಸ ಹಿಡಿದು ಸಾಬೂದಾಣೆಯ ಖಿಚಡಿ, ಶೇಂಗಾದ ಉಂಡೆ, ಹುರಿದ ಬಟಾಟೆ ಎಂದು ಎರಡು ಪಟ್ಟು ತಿನ್ನುವವರನ್ನು ಕುರಿತು ಅವರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವ ಮಾತು ಅದು. ಈಗ ಅಂಗಡಿಗಳಲ್ಲಿ ಬರುವ ‘ಸಕ್ಕರೆ ಇಲ್ಲದ’ ಬಿಸ್ಕತ್ತು, ‘ಬೆಲ್ಲದ’ ಕುಕ್ಕೀಸು, ‘ಖರ್ಜೂರದ’ ಬರ್ಫಿ ಇವೆಲ್ಲ ಇಪ್ಪತ್ತೊಂದನೆಯ ಶತಮಾನದ ಸಾಬೂದಾಣೆಯ ಖಿಚಡಿಗಳೆಂದು ನನಗೆ ತೋರುತ್ತದೆ. ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಿಜವಾದ ಹೋಳಿಗೆಯನ್ನು ವರ್ಷಕ್ಕೆ ಕೆಲವು ದಿನ ತಿನ್ನುವವನಿಗಿಂತ ಸುಳ್ಳು ಕೇಕನ್ನು ದಿನವೂ ತಿನ್ನುವವನು ಹೆಚ್ಚು ಕೆಡುತ್ತಾನೆ. ನಮ್ಮನ್ನು ಹೊಸ್ತಿಲಿಗೆ ತಂದು ನಿಲ್ಲಿಸಿರುವುದು ದಿನದ ಚಹ, ಚಹದ ಜೊತೆಯ ಬಿಸ್ಕತ್ತು, ಹೊಸ ಹೆಸರು ಹೊತ್ತು ಬರುವ ತಿನಿಸು. ಪಂಚಮಿಯ ಉಂಡಿಯ ಮೇಲೆ ಆ ಅಪವಾದವನ್ನು ಹೊರಿಸುವುದು ನ್ಯಾಯವಲ್ಲ.

ಈ ಮಾತನ್ನು ನಾನು ಮೊದಲೇ ಅರಿತಿದ್ದರೆ ಒಂದು ತಪ್ಪು ತಪ್ಪುತ್ತಿದ್ದಿತು. ಆ ವರ್ಷ ಅಧಿಕ ಶ್ರಾವಣ. ಇಲ್ಲಿಯವರು ಆ ತಿಂಗಳಿನಲ್ಲಿ ಅಳಿಯನನ್ನು ಕರೆದು 33 ಅನಾರಸಗಳನ್ನು ಕೊಟ್ಟು ಸತ್ಕರಿಸುತ್ತಾರೆ. ಕೆಳಗಿನ ಮನೆಯ ಕಾಕೂ ಅವರ ಅಳಿಯನ ಪಾಲಿನಿಂದ ನಮ್ಮ ಮನೆಗೂ ನಾಲ್ಕು ಬಂದವು. ಅಧಿಕ ಮಾಸದ ದೆಸೆಯಿಂದ ನಾಗರ ಪಂಚಮಿ ಆಗಸ್ಟ್ 21ಕ್ಕೆ ಸರಿದಿತ್ತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ, ಉಂಡಿಯ ಹಬ್ಬ. ತವರಿಗೆ ಹೋಗಲಾರದ ನನಗೆ ಅವ್ವ ಪ್ರತಿವರ್ಷ ಊರಿನ ಬಸ್ಸಿನಲ್ಲಿ ದೊಡ್ಡ ಡಬ್ಬಿಯೊಂದನ್ನು ಕಳುಹಿಸುತ್ತಾಳೆ. ಸ್ವಾರಗೇಟಿನ ನಿಲ್ದಾಣಕ್ಕೆ ಹೋಗಿ ಅದನ್ನು ಇಳಿಸಿಕೊಂಡು ಬರುವುದು ನಮ್ಮ ಮನೆಯವರ ಕೆಲಸ. ಪಥ್ಯದ ಅಭಿಮಾನದಲ್ಲಿದ್ದ ನಾನು ಫೋನು ಮಾಡಿ, ಈ ವರ್ಷ ಉಂಡಿ ಕಳುಹಿಸಬೇಡವೆಂದೆನು. ಅವ್ವ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಡಾಕ್ಟರು ಸಕ್ಕರಿ ಬ್ಯಾಡ ಅಂದಾರ, ಖರೆ. ತವರಮನಿ ಉಂಡಿನೂ ಬ್ಯಾಡ ಅಂದಾರೇನವಾ?” ಎಂದಳು.

ನಾನು ಉತ್ತರ ಹೇಳಲಿಲ್ಲ. ಹೇಳಲು ನನಗೆ ಮುಖವೂ ಇರಲಿಲ್ಲ. ಮೇಜಿನ ಮೇಲೆ ಪಥ್ಯದ ಕೇಕಿನ ಎರಡು ಹೋಳುಗಳು ಉಳಿದಿದ್ದವು. ಆ ಕೇಕಿನ ಹತ್ತೂ ಹೋಳುಗಳು ನಮ್ಮ ಮೂವರಲ್ಲಿಯೇ ಮುಗಿದದ್ದನ್ನು ನೆನೆದಾಗ ಇನ್ನೊಂದು ಸಂಗತಿ ಹೊಳೆಯಿತು. ಊರಿನಲ್ಲಿ ಉಂಡಿ ಕಟ್ಟಿದರೆ ಮೊದಲು ಓಣಿಗೆ ಬೀರುತ್ತಿದ್ದರು. ಪುಣೆಯಲ್ಲಿಯೂ ಹಾಗೆಯೇ ಇತ್ತಂತೆ. ಕಾಕೂ ಹೇಳುವಂತೆ, ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಓವನ್ ಯಾರಿಗೂ ಇರಲಿಲ್ಲ. ಮನೆಯ ತುಪ್ಪ, ಸಕ್ಕರೆ, ಮೈದಾಗಳನ್ನು ಡಬ್ಬಿಯಲ್ಲಿ ತೂಗಿಕೊಂಡು ಬೇಕರಿಗೆ ಹೋಗಿ, ಸರದಿಯಲ್ಲಿ ನಿಂತು, ನಾನಕಟಾಯಿಗಳನ್ನು ಭಟ್ಟಿಯಲ್ಲಿ ಸುಡಿಸಿಕೊಂಡು ಬರುತ್ತಿದ್ದರು. ರಜೆಯ ದಿನಗಳಲ್ಲಿ ಒಮ್ಮೆ, ದೀಪಾವಳಿಗೆ ಒಮ್ಮೆ. ಮನೆಗೆ ತರುವಷ್ಟರಲ್ಲಿ ಅರ್ಧ ಡಬ್ಬಿ ನೆರೆಹೊರೆಯವರದು. ಕ್ಯಾಂಪಿನ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತುಗಳು 1955ರಿಂದ ಪುಣೆಯ ಬಾಯಲ್ಲಿ ಕರಗುತ್ತಿವೆ. ಅವನ್ನೂ ಹಿಂದಿನವರು ಯಾರಾದರೂ ಊರಿಗೆ ಹೊರಟಾಗ ಕಟ್ಟಿಸಿ ಒಯ್ಯುತ್ತಿದ್ದರಂತೆ, ನಿತ್ಯದ ಚಹಕ್ಕೆ ಅದ್ದುತ್ತಿರಲಿಲ್ಲ.

ಹಿರಿಯರು ಜ್ಞಾನಿಗಳಾಗಿದ್ದು ಮಿತವಾಗಿ ತಿಂದರೆಂದು ನಾನು ಹೇಳುವುದಿಲ್ಲ. ಇರಲಿಲ್ಲ, ಆದುದರಿಂದ ತಿನ್ನಲಿಲ್ಲ. ನನ್ನ ಅಜ್ಜಿಗೆ ಸಕ್ಕರೆ ಸಿಕ್ಕಿದ್ದರೆ ಅವಳೂ ಚಹಕ್ಕೆ ಮೂರು ಚಮಚೆ ಹಾಕಿಕೊಳ್ಳುತ್ತಿದ್ದಳು. ಮತ್ತು ಹೊಲದಲ್ಲಿ ದಿನವಿಡೀ ಬಾಗಿ ದುಡಿಯುವವಳಿಗೆ ಅದು ಸಲ್ಲುತ್ತಿತ್ತು. ಆದರೆ ಬಡತನದ ಜೊತೆಗೆ ಇನ್ನೊಂದು ಕಾವಲೂ ಇದ್ದಿತು. ಅದು ದುಡಿಮೆ. ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ಹೂರಣ ರುಬ್ಬಿ, ಕಣಕ ನಾದಿ, ಒಂದೊಂದಾಗಿ ಲಟ್ಟಿಸಿ ಸುಡುವ ಹೋಳಿಗೆಗೆ ಅರ್ಧ ದಿನ ಬೇಕು. ಅಷ್ಟು ಕಷ್ಟಪಟ್ಟು ಯಾರೂ ಪ್ರತಿ ಬುಧವಾರ ಹೋಳಿಗೆ ಮಾಡುವುದಿಲ್ಲ. ಸಿದ್ಧ ಪುಡಿಯ ಪೊಟ್ಟಣವನ್ನು ಹರಿದು ಹಾಲಿನಲ್ಲಿ ಕಲಸಿದರೆ ಆಗುವ ಕೇಕಿಗೆ ಆ ಕಾವಲಿಲ್ಲ. ಇನ್ನು ನಮ್ಮಂಥ ವಲಸೆ ಬಂದವರ ಪಾಡು ಬೇರೆ: ಕನ್ನಡದ ಹಬ್ಬಗಳೂ ನಮ್ಮವು, ಮರಾಠಿಯ ಹಬ್ಬಗಳೂ ನಮ್ಮವು. ಸಂಕ್ರಾಂತಿಗೆ ಮಾದಲಿಯೂ ಬೇಕು, ತಿಳಗೂಳವೂ ಬೇಕು. ಗಣಪತಿಗೆ ಕಡಬೂ ಮೋದಕವೂ ಬೇಕು. ‘ಹಬ್ಬಕ್ಕೆ ಮಾತ್ರ’ ಎಂಬ ನನ್ನ ನಿಯಮಕ್ಕೆ ಇದೊಂದು ದೊಡ್ಡ ಬಿರುಕೆಂದು ಒಪ್ಪಿಕೊಳ್ಳುತ್ತೇನೆ. ಆದುದರಿಂದ ನಮ್ಮ ಮನೆಯಲ್ಲಿ ಈಗ ಒಂದು ಒಪ್ಪಂದವಿದೆ: ಕೈಯಾರೆ ಮಾಡಿದ್ದು ಮಾತ್ರ, ಮತ್ತು ಅದರ ಅರ್ಧ ಮನೆಯ ಹೊರಗೆ ಹೋಗಬೇಕು. ಮಗಳ ಹುಟ್ಟುಹಬ್ಬಕ್ಕೆ ಕೇಕು ಮೈದಾ, ಸಕ್ಕರೆ, ಬೆಣ್ಣೆಗಳಿಂದಲೇ ಆಗುತ್ತದೆ. ಹೋಳು ಮಾಡಿ ಮೆಟ್ಟಿಲ ಉದ್ದಕ್ಕೂ ಹಂಚಿ ಬರುವುದು ಅವಳ ಕೆಲಸ.

ಪಂಚಮಿಯ ಹಿಂದಿನ ದಿನ ಡಬ್ಬಿ ಬಂದೇ ಬಂದಿತು. ಆದರೆ ಈ ಸಲ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ತೆರೆದರೆ ಎಳ್ಳಿನದು ಮೂರು, ಶೇಂಗಾದು ಮೂರು, ತಂಬಿಟ್ಟಿನದು ಮೂರು, ಒಂದೊಂದೂ ನೆಲ್ಲಿಕಾಯಿಯ ಗಾತ್ರದ ಉಂಡಿ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರು ಕೇಳದ ಅವ್ವ ಯಾವ ತಕ್ಕಡಿಯಲ್ಲಿ ತೂಗಿದ್ದಳೋ! ನನ್ನ ಪಾಲಿನ ಮೂರನ್ನೂ ಹಬ್ಬದ ದಿನ ಊಟದ ಮೇಲೆ ತಿಂದೆನು. ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಅಂಕ 5.8ಕ್ಕೆ ಇಳಿದಿತ್ತು. ಅದು ಚಹದ ಸಕ್ಕರೆ ಬಿಟ್ಟುದರ ಫಲವೋ, ಬೆಳಗಿನ ತಳಜಾಯಿ ಗುಡ್ಡದ ನಡಿಗೆಯ ಫಲವೋ ಬೇರ್ಪಡಿಸಿ ಹೇಳಲಾರೆನು. ಹೊಸ್ತಿಲನ್ನು ಇನ್ನೂ ಇಳಿದಿಲ್ಲ.

ಶಾಲೆಯ ಸಂಚಿಕೆಗೆ ಈ ಮನೆಯ ಕಥೆಯೇಕೆಂದು ವಾಚಕರು ಕೇಳಬಹುದು. 2025ರಲ್ಲಿ ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಲಿಯು ತನ್ನ ಶಾಲೆಗಳಲ್ಲಿ ‘ಸಕ್ಕರೆ ಫಲಕ’ಗಳನ್ನು ತೂಗುಹಾಕಲು ಸೂಚಿಸಿತು, ಯಾವ ತಿನಿಸಿನಲ್ಲಿ ಸಕ್ಕರೆ ಎಷ್ಟಿದೆ ಎಂಬುದನ್ನು ಮಕ್ಕಳು ಓದಿ ತಿಳಿಯಲೆಂದು. ನಮ್ಮ ಶಾಲೆ ಆ ಮಂಡಲಿಯದಲ್ಲವಾದರೂ ನನ್ನ ತರಗತಿಯಲ್ಲಿ ಹಲಗೆಯ ಮೂಲೆಯಲ್ಲಿ ಅಂಥದೊಂದನ್ನು ಬರೆದೆನು. 300 ಮಿಲಿಲೀಟರಿನ ತಂಪು ಪಾನೀಯದ ಬಾಟಲಿಯಲ್ಲಿ ಸುಮಾರು ಆರು ಚಮಚೆ ಸಕ್ಕರೆಯೆಂದು ಓದಿ ಮಕ್ಕಳು ನಕ್ಕರು. ನನ್ನನ್ನು ಕಾಡುವುದು ಹುಟ್ಟುಹಬ್ಬದ ಚಾಕೊಲೇಟು. ತರಗತಿಯಲ್ಲಿ 38 ಮಕ್ಕಳು. ವಾರಕ್ಕೊಂದು ಹುಟ್ಟುಹಬ್ಬ ಬಂದೇ ಬರುತ್ತದೆ. ಇವರಲ್ಲಿ ಅನೇಕರ ತಂದೆತಾಯಿಗಳು ವಿಜಯಪುರ, ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಇತರರು ಹಂಚಿದರೆಂದು ತಾವೂ ಹಂಚಬೇಕು. ಆ ದಿನದ ಕೂಲಿಯ ಒಂದು ಭಾಗ ಅದಕ್ಕೇ ಹೋಗುತ್ತದೆ. ತಿನ್ನುವವನ ಹಲ್ಲಿಗೂ ಹಿತವಲ್ಲ, ಕೊಡುವವನ ಕೈಗೂ ಹಿತವಲ್ಲ.

ಆದುದರಿಂದ ನಾನೊಂದು ಸಲಹೆಯನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟಿದ್ದೇನೆ: ತಿಂಗಳಿಗೆ ಒಂದು ದಿನ, ಆ ತಿಂಗಳಿನಲ್ಲಿ ಹುಟ್ಟಿದ ಎಲ್ಲರ ಹೆಸರಿನಲ್ಲಿ, ಮನೆಗಳಲ್ಲಿ ಮಾಡಿದ ಒಂದು ಸಿಹಿಯನ್ನು ತರಗತಿಗೆಲ್ಲ ಹಂಚುವುದು, ಉಳಿದ ದಿನ ಹಾಡಿ ಹಾರೈಸುವುದು. ಅವರ ಒಪ್ಪಿಗೆ ಇನ್ನೂ ಬರಬೇಕಾಗಿದೆ. ಮಕ್ಕಳಿಗೆ ಇದನ್ನು ವಿವರಿಸಿದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಬಾಯೀ, ಫೆಬ್ರವರಿದಾಗ ಹುಟ್ಟಿದವ ನಾ ಒಬ್ಬನೇ ಅದೀನಿ. ನಮ್ಮವ್ವ ಒಬ್ಬಾಕೀನ ಮೂವತ್ತೆಂಟು ಉಂಡಿ ಕಟ್ಟಬೇಕಾಗತೈತಿ” ಎಂದನು. ಜನವರಿಯಲ್ಲಿ ಹುಟ್ಟಿದ ಐವರು ತಮ್ಮ ಅವ್ವಂದಿರನ್ನು ನೆರವಿಗೆ ಕಳುಹಿಸುವುದಾಗಿ ಅಲ್ಲಿಯೇ ಮಾತು ಕೊಟ್ಟರು.