ಅಭಿನಂದನೆ ಬೇಡ, ಒಂದು ಪಾಠ ಕಳುಹಿಸಿ

ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳಿಗಾಗಿ ಒಂದು ಪತ್ರಿಕೆ ತರಬೇಕು, ಅದಕ್ಕೆ ಬಿ.ಇಡಿ. ಮುಗಿಸಿದವರಿಂದಲೂ ಲೇಖನ ಕೇಳಬೇಕು ಎಂಬ ಮಾತು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಡೆಯುತ್ತಿದೆ. ಪತ್ರಿಕೆ ಬರಲಿ ಎಂಬುದೇ ನನ್ನ ಮತ. ಆದರೆ ನಾವು ಏನನ್ನು ಕೇಳುತ್ತೇವೆ ಎಂಬುದರ ಮೇಲೆ ಅದರ ಆಯುಸ್ಸು ನಿಂತಿದೆ. ಶುಭ ಸಂದೇಶ, ಭಾವಚಿತ್ರ, ರ‍್ಯಾಂಕ್ ಪಟ್ಟಿ, ಹಾಸ್ಟೆಲಿನ ನೆನಪು ಇಷ್ಟೇ ಆದರೆ ಎರಡನೆಯ ಸಂಚಿಕೆಗೆ ಬರೆಯುವವರೂ ಸಿಗರು, ಓದುವವರೂ ಸಿಗರು.

ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಹೊರಡಿಸಿದ 'ಪ್ರಬುದ್ಧ ಕರ್ಣಾಟಕ' ಕಾಲೇಜಿನ ಸುದ್ದಿಗೆ ಅಂಟಿಕೊಳ್ಳದೆ ನಾಡಿಗೆ ಬೇಕಾದ ಬರಹಕ್ಕೆ ಜಾಗ ಕೊಟ್ಟಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನು ವಹಿಸಿಕೊಂಡಿತು. ನಮ್ಮ ನಾಡಿಗೆ, ಅಂದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ, ಬೇಕಾದ ಬರಹ ಯಾವುದು?

2015ರಿಂದ ಬಿ.ಇಡಿ. ಎರಡು ವರ್ಷದ್ದಾಗಿದೆ; ಶಾಲಾ ಅನುಭವಕ್ಕೆ ಒಟ್ಟು 20 ವಾರಗಳಿವೆ. ಆ ವಾರಗಳಲ್ಲಿ ಪ್ರಶಿಕ್ಷಣಾರ್ಥಿಯ ಪಾಠಯೋಜನೆ, ಕಪ್ಪುಹಲಗೆಯ ಬರಹ, ಪ್ರಶ್ನೆ ಕೇಳುವ ರೀತಿ ಎಲ್ಲವನ್ನೂ ನಾವು ವೀಕ್ಷಿಸಿ ಷರಾ ಬರೆಯುತ್ತೇವೆ. ನೌಕರಿ ಸಿಕ್ಕ ಮೇಲೆ ಆ ಯೋಜನೆಯಲ್ಲಿ ಎಷ್ಟು ಉಳಿಯಿತು, ಎಷ್ಟನ್ನು ಕೈಬಿಡಬೇಕಾಯಿತು ಎಂಬುದು ನಮಗೆ ತಲುಪುವುದೇ ಇಲ್ಲ. ಮುಂದಿನ ತಂಡಕ್ಕೆ ಮತ್ತೆ ಅದೇ ನಮೂನೆ ಕೊಡುತ್ತೇವೆ.

ಪಾವಗಡದ ಗಡಿ ಊರುಗಳನ್ನೇ ನೋಡಿ. ಸುತ್ತ ಆಂಧ್ರ, ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಪಠ್ಯ ಕನ್ನಡ. ಪಾಲು, ಪುಲಿ, ಪಾಮು, ಪುವ್ವು ಎನ್ನುವ ಮಗುವಿಗೆ ಹಾಲು, ಹುಲಿ, ಹಾವು, ಹೂವು ಹೊಸವಲ್ಲ. ಮೊದಲ ಅಕ್ಷರದ ಪಕಾರ ಹಕಾರವಾಗಿದೆ, ಅಷ್ಟೇ. ಇದನ್ನು ಹಿಡಿದು ಪಾಠ ಮಾಡಿದವರು ಅಲ್ಲಿ ಇದ್ದೇ ಇರುತ್ತಾರೆ. ಅವರ ಒಂದು ಪುಟ ನಮ್ಮ ಹತ್ತು ಉಪನ್ಯಾಸಕ್ಕೆ ಸಮ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ರೂಪುಗೊಂಡದ್ದೂ ಶಿಕ್ಷಕರ ಕೈಯಿಂದಲೇ ಅಲ್ಲವೆ?

ಶಿಕ್ಷಕರಿಗೆ ಬಿಡುವಿಲ್ಲ, ಸೋತ ಪಾಠವನ್ನು ಬರೆದರೆ ಮೇಲಧಿಕಾರಿಗಳು ಏನೆಂದಾರು ಎಂಬ ಅಳುಕೂ ಇದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಮಾತು ನಿಜ. ಅದಕ್ಕೇ ಒಂದೇ ಪುಟ ಕೇಳೋಣ: ತರಗತಿ ಯಾವುದು, ಪಾಠ ಯಾವುದು, ಮಕ್ಕಳು ಎಲ್ಲಿ ತಡವರಿಸಿದರು, ನೀವು ಏನು ಮಾಡಿದಿರಿ, ಏನಾಯಿತು. ಕೈಬರಹವಾದರೂ ಸರಿ. ಮಗುವಿನ ಹೆಸರು, ಶಾಲೆಯ ಹೆಸರು ಅಚ್ಚಾಗಬಾರದು. ಬರೆದವರು ಬೇಡವೆಂದರೆ ಅವರ ಹೆಸರೂ ಬೇಡ. ಕಾಗುಣಿತ ತಿದ್ದುವ ಕೆಲಸ ಸಂಪಾದಕರದು.

ಇನ್ನೊಂದು ಮಾತು. ತುಮಕೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 2004ರಲ್ಲಿ. ಅದಕ್ಕೂ ಮುಂಚೆ ಓದಿದವರ ಪದವಿಪತ್ರದ ಮೇಲೆ ಬೆಂಗಳೂರು ವಿಶ್ವವಿದ್ಯಾನಿಲಯದ ಮುದ್ರೆ ಇದೆ. ಮುದ್ರೆ ನೋಡಿ ಅವರನ್ನು ಹೊರಗಿಟ್ಟರೆ ಹೆಚ್ಚು ಅನುಭವವಿರುವ ಹಿರಿಯರನ್ನೇ ಕಳೆದುಕೊಳ್ಳುತ್ತೇವೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಪಾಠ ಮಾಡಿದವರೆಲ್ಲರಿಗೂ ಆಹ್ವಾನ ಹೋಗಲಿ.

ಬಂದ ಪುಟಗಳನ್ನು ಅಚ್ಚು ಹಾಕಿ ಕಪಾಟಿನಲ್ಲಿಡುವುದು ಬೇಡ. ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಪ್ರತಿ ಪ್ರಶಿಕ್ಷಣಾರ್ಥಿಯೂ ತಾನು ಹೋಗುವ ತಾಲ್ಲೂಕಿನ ಪುಟಗಳನ್ನು ಓದಿರಲಿ.